ಶಾರ್ಟ್ ಕ್ಲೈಮ್ ನೋಟಿಸು ಬಂದರೆ

ಪೀಣ್ಯದ ಸಣ್ಣ ವರ್ಕ್‌ಶಾಪಿಗೆ ಬೆಸ್ಕಾಂನಿಂದ ‘ಶಾರ್ಟ್ ಕ್ಲೈಮ್’ ನೋಟಿಸು ಬಂತೆಂದರೆ ಮಾಲೀಕರ ನಿದ್ದೆ ಹಾರಿಹೋಗುತ್ತದೆ. ಹಿಂದಿನ ಬಿಲ್ಲುಗಳಲ್ಲಿ ಕಡಿಮೆ ಲೆಕ್ಕ ಹಿಡಿದಿದ್ದೇವೆ, ಈಗ ವ್ಯತ್ಯಾಸ ಕಟ್ಟಿ ಎನ್ನುತ್ತದೆ ಅದು. ಗಾಬರಿಯಲ್ಲಿ ಕಟ್ಟಿಬಿಡಬೇಡಿ, ಸಿಟ್ಟಿನಲ್ಲಿ ಬದಿಗೆ ಎಸೆಯಲೂಬೇಡಿ.

ಮೊದಲು ನೋಟಿಸಿನಲ್ಲಿರುವ ಸೆಕ್ಷನ್ ನೋಡಿ. 2003ರ ವಿದ್ಯುತ್ ಕಾಯ್ದೆಯ 126, ಅಂದರೆ ಅನಧಿಕೃತ ಬಳಕೆ ಎಂದಿದ್ದರೆ ದಾರಿಯೇ ಬೇರೆ. ನೋಟಿಸು ಕೊಟ್ಟ ಅಧಿಕಾರಿಗೇ ಆಕ್ಷೇಪಣೆ ಸಲ್ಲಿಸಬೇಕು. ಅಂತಿಮ ಆದೇಶವಾದ 30 ದಿನದೊಳಗೆ, ಅರ್ಧ ಮೊತ್ತ ಕಟ್ಟಿ ಮೇಲ್ಮನವಿ ಹಾಕಬೇಕು. ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇಂಥ ಪ್ರಕರಣ ಕೈಗೆತ್ತಿಕೊಳ್ಳುವುದಿಲ್ಲ.

ಬರಿಯ ಲೆಕ್ಕದ ತಕರಾರಾದರೆ, ಯಾವ ತಿಂಗಳು, ಎಷ್ಟು ಯೂನಿಟ್, ಯಾವ ದರ ಎಂಬ ವಿವರವನ್ನು ಸಬ್ ಡಿವಿಷನ್‌ನಿಂದ ಬರಹದಲ್ಲಿ ಕೇಳಿ ಪಡೆಯಿರಿ. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಅಳವಡಿಸಿದ ಮೀಟರಿದ್ದರೆ, ರೀಡಿಂಗನ್ನು ಗುಣಿಸುವ ಗುಣಕವನ್ನು ನೀವೇ ಪರೀಕ್ಷಿಸಿ. 100/5ರ ಸಿಟಿಗೆ ಗುಣಕ 20. ಅದು 10 ಎಂದು ದಾಖಲಾಗಿದ್ದರೆ ಅಷ್ಟೂ ವರ್ಷ ಬಿಲ್ಲು ಅರ್ಧವೇ ಬಂದಿರುತ್ತದೆ. ಆಗ ಬೆಸ್ಕಾಂ ಕೇಳುವುದರಲ್ಲಿ ಹುರುಳಿದೆ.

‘ಎರಡು ವರ್ಷ ದಾಟಿದ ಬಾಕಿ ಕೇಳುವಂತಿಲ್ಲ’ ಎಂಬ, ಅದೇ ಕಾಯ್ದೆಯ ಸೆಕ್ಷನ್ 56(2)ರ ಮಾತನ್ನೇ ನಂಬಿ ಕೂರಬೇಡಿ. ಬಿಲ್ಲು ಕೊಟ್ಟ ಮೇಲಷ್ಟೇ ಬಾಕಿ ಹುಟ್ಟುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ರಹಮತುಲ್ಲಾ ಖಾನ್ ಪ್ರಕರಣದಲ್ಲಿ ಹೇಳಿದೆ. ತಪ್ಪು ದರದಿಂದ ಬಿಟ್ಟುಹೋದ ಹಣವನ್ನು ಅವಧಿ ಮೀರಿದ ಮೇಲೂ ಕೇಳಬಹುದು, ಆದರೆ ಅದಕ್ಕಾಗಿ ಕರೆಂಟ್ ಕಡಿಯುವಂತಿಲ್ಲ ಎಂದಿತು ಆ ತೀರ್ಪು. ಹರಿಯಾಣದ ಪ್ರೇಮ್ ಕಾಟೆಕ್ಸ್ ಕಂಪನಿಗೆ ಗುಣಕ 10ರ ಬದಲು 5 ಎಂದು ದಾಖಲಾಗಿತ್ತು. 2021ರಲ್ಲಿ ಆ ಕಂಪನಿಯೂ ಸುಪ್ರೀಂ ಕೋರ್ಟಿನಲ್ಲಿ ಸೋತಿತು.

ಲೇತ್ ನಿಲ್ಲದಂತೆ ಕಾಪಾಡುವುದು 56(1). ಕರೆಂಟ್ ಕಡಿಯಲು 15 ದಿನದ ಲಿಖಿತ ನೋಟಿಸು ಬೇಕು. ಕೇಳಿದ ಪೂರ್ತಿ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿಯಂತೆ ಬರುವ ಮೊತ್ತ, ಇವೆರಡರಲ್ಲಿ ಕಡಿಮೆಯದನ್ನು ‘ತಕರಾರಿಗೆ ಒಳಪಟ್ಟು’ ಎಂದು ಬರೆದು ಕಟ್ಟಿದರೆ, ವ್ಯಾಜ್ಯ ಮುಗಿಯುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಈ ಸೆಕ್ಷನ್ ಹೆಸರನ್ನು ನಿಮ್ಮ ಪತ್ರದಲ್ಲಿ ಸ್ಪಷ್ಟವಾಗಿ ಬರೆಯಿರಿ.

ಆಮೇಲೆ ಸಬ್ ಡಿವಿಷನ್‌ನ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ (ಎಇಇ) ಆಕ್ಷೇಪಣೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ದೂರು ಕೊಡಿ. ಅದು ಬೆಸ್ಕಾಂನಿಂದ ದಾಖಲೆ ತರಿಸಿ, ಎರಡೂ ಕಡೆ ಕೇಳಿ ಆದೇಶ ಕೊಡುತ್ತದೆ. ಆದೇಶ ಒಪ್ಪಿಗೆಯಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ವಸಂತನಗರದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೇ (ಕೆಇಆರ್‌ಸಿ) ನೇರವಾಗಿ ಹೋದವರು ಬರಿಗೈಲಿ ಮರಳಬೇಕಾಗುತ್ತದೆ: ಆಯೋಗ ದರ ಮತ್ತು ನಿಯಮ ರೂಪಿಸುತ್ತದೆ, ಒಬ್ಬೊಬ್ಬ ಗ್ರಾಹಕರ ಬಿಲ್ಲಿನ ಜಗಳ ಬಗೆಹರಿಸುವುದಿಲ್ಲ.

ಆರ್‌ಆರ್ ನಂಬರಿನ ಹಳೆಯ ಬಿಲ್ಲುಗಳು, ಮೀಟರ್ ಬದಲಾಯಿಸಿದ ದಿನದ ವರದಿ, ಕಟ್ಟಿದ ರಸೀದಿಗಳು ನಿಮ್ಮ ಬಳಿ ಇವೆಯೇ? ಇಲ್ಲದಿದ್ದರೆ ಇವತ್ತೇ ಸಬ್ ಡಿವಿಷನ್‌ಗೆ ಹೋಗಿ ಪ್ರತಿ ಕೇಳಿ.