ಹೊಕ್ಕೈಡೊ: ಹೊಸ ನೆಲ ಮತ್ತು ಹೊಸ ಮನೋಧರ್ಮ

ಜಪಾನಿನ ಭೂಪಟದಲ್ಲಿ ತೀರ ಉತ್ತರಕ್ಕೆ ಕಾಣುವ ದೊಡ್ಡ ದ್ವೀಪವೇ ಹೊಕ್ಕೈಡೊ. ಇಲ್ಲಿ ವರ್ಷದ ನಾಲ್ಕೈದು ತಿಂಗಳು ಹಿಮ. 1869ರವರೆಗೆ ಇದನ್ನು ಎಜೊ ಎನ್ನುತ್ತಿದ್ದರು. ಆ ವರ್ಷ ಮೇಜಿ ಸರಕಾರವು ಹೆಸರನ್ನು ಬದಲಿಸಿ, ಹೊನ್ಶು ಮೊದಲಾದ ದಕ್ಷಿಣದ ದ್ವೀಪಗಳಿಂದ ಜನರನ್ನು ಕರೆತಂದು ನೆಲೆಗೊಳಿಸತೊಡಗಿತು. ರಷ್ಯ ದೇಶದ ಭಯವೂ ಇದಕ್ಕೆ ಒಂದು ಕಾರಣ.

ಬಂದವರು ಯಾರು? ಅಂತರ್ಯುದ್ಧದಲ್ಲಿ ಸೋತ ಪಕ್ಷದ ಸಮುರಾಯ್ ಯೋಧರು, ಸಾಕಷ್ಟು ಭೂಮಿಯಿಲ್ಲದ ರೈತರು. 1875ರಲ್ಲಿ ‘ತೊಂಡೆನ್‌ಹೇ’ ಎಂಬ ಸೈನಿಕ-ರೈತರ ಕುಟುಂಬಗಳು ಸಪ್ಪೊರೊ ಬಳಿ ನೆಲೆಸಿದವು. ಇವರಿಗೇನೋ ಕಟ್ಟುನಿಟ್ಟಾದ ದಂಡಿನ ಶಿಸ್ತಿತ್ತು. ಉಳಿದವರ ಪಾಡು ಬೇರೆ. ಹುಟ್ಟೂರಿನಲ್ಲಿ ಹಿರಿಯರು ತೋರಿದ ದಾರಿಯಲ್ಲಿ ನಡೆದರೆ ಬದುಕು ಸಾಗುತ್ತಿತ್ತು. ಇಲ್ಲಿ ಕೇಳೋಣವೆಂದರೆ ಆ ಹಿರಿಯರಿಲ್ಲ, ತವರಿನ ಭತ್ತ ಚಳಿಗೆ ಏಳದು. ಏನು ಬಿತ್ತಬೇಕು, ಯಾವಾಗ ಬಿತ್ತಬೇಕು ಎಂಬುದನ್ನು ತಾನೇ ತೀರ್ಮಾನಿಸಿ, ಅದರ ಫಲವನ್ನೂ ತಾನೇ ಉಣ್ಣಬೇಕಾಗಿತ್ತು.

ಇದೆಲ್ಲ ಹಳೆಯ ಕಥೆ, ಇಂದಿನ ಮಕ್ಕಳಿಗೆ ಇದರಿಂದೇನು ಎಂದು ನಾವು ಕೇಳಬಹುದು. ಮನಶ್ಶಾಸ್ತ್ರಜ್ಞ ಶಿನೊಬು ಕಿತಾಯಾಮ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಸಂತೋಷವನ್ನು ಸ್ವಂತ ಸಾಧನೆಯೊಡನೆ ಹೊಂದಿಸಿ ನೋಡುವುದರಲ್ಲಿ ಹೊಕ್ಕೈಡೊದವರು ಅಮೆರಿಕದವರಿಗೆ ಹತ್ತಿರವಾಗಿದ್ದರು. ಉಳಿದ ಜಪಾನೀಯರಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ಇನ್ನೊಂದು ಪ್ರಯೋಗ ಸ್ವಾರಸ್ಯವಾದುದು. ಎರಡು ವಸ್ತುಗಳಲ್ಲಿ ಒಂದನ್ನು ಆರಿಸಿಕೊಂಡ ಮೇಲೆ, ‘ನಾನು ಆರಿಸಿದ್ದೇ ಒಳ್ಳೆಯದು’ ಎಂದು ಮನಸ್ಸು ಸಮರ್ಥಿಸಿಕೊಳ್ಳುವುದುಂಟು. ಹೊಕ್ಕೈಡೊದಲ್ಲಿ ಹುಟ್ಟಿದವರು ಯಾರೂ ನೋಡದಿರುವಾಗಲೂ ಹೀಗೆ ಸಮರ್ಥಿಸಿಕೊಂಡರು. ಬೇರೆಡೆಯವರಲ್ಲಿ ಇದು ಕಂಡದ್ದು, ನೋಡುತ್ತಿರುವ ಮುಖಗಳ ಚಿತ್ರ ಎದುರಿಗಿದ್ದಾಗ! ಒಬ್ಬರಿಗೆ ತಮ್ಮ ಮನಸ್ಸಿನ ಸಾಕ್ಷಿ, ಇನ್ನೊಬ್ಬರಿಗೆ ನಾಲ್ಕು ಜನರ ಕಣ್ಣು. ಇವುಗಳಲ್ಲಿ ಒಂದು ಮೇಲು, ಇನ್ನೊಂದು ಕೀಳು ಎಂದು ನಾವು ತಿಳಿಯಬೇಕಾಗಿಲ್ಲ.

ಸ್ವತಂತ್ರ ಸ್ವಭಾವದವರೇ ಹೊರಟುಬಂದರೋ, ಬಂದವರನ್ನು ನೆಲವೇ ಹಾಗೆ ತಿದ್ದಿತೋ? ಎರಡೂ ಸೇರಿರಬೇಕೆಂದು ನಮಗೆ ತೋರುತ್ತದೆ. ಆದರೆ ಎಲ್ಲರೂ ತಾವಾಗಿ ಬಂದವರಲ್ಲ. 1891ರಲ್ಲಿ ಅಬಶಿರಿಯ ಕಡೆ ಕಾಡು ಕಡಿದು ರಸ್ತೆ ಮಾಡಲು ಕೈದಿಗಳನ್ನು ಹಚ್ಚಲಾಯಿತು. 200ಕ್ಕೂ ಹೆಚ್ಚು ಮಂದಿ ಸತ್ತರು.

‘ಖಾಲಿ ನೆಲ’ ಎಂಬ ಮಾತಂತೂ ಪೂರ್ಣ ಸುಳ್ಳು. ಅದು ಐನು ಜನರ ನಾಡು. ಹೊಳೆಯ ಮೀನಿಗೂ ಕಾಡಿನ ಜಿಂಕೆಗೂ ಅವರಿಗೆ ನಿರ್ಬಂಧ ಬಂತು. 1899ರ ಕಾಯಿದೆ ಅವರನ್ನು ‘ರಕ್ಷಿಸುವ’ ಹೆಸರಿನಲ್ಲಿ ಬೇಸಾಯಕ್ಕೆ ದೂಡಿತು. ಶಾಲೆಯಲ್ಲಿ ಅವರ ಮಕ್ಕಳು ಕಲಿತದ್ದು ಜಪಾನಿ ಭಾಷೆ. ಆ ಕಾಯಿದೆ ರದ್ದಾದದ್ದು 1997ರಲ್ಲಿ. ಐನು ಜನರು ಮೂಲನಿವಾಸಿಗಳೆಂದು ಜಪಾನಿನ ಕಾಯಿದೆಯಲ್ಲಿ ಬರೆಯಲು 2019ರವರೆಗೆ ಕಾಯಬೇಕಾಯಿತು.