ಬಾಖ್ ಮನೆತನದ ಪೂರ್ವಿಕರು

ಒಂದು ಕುಟುಂಬದ ಪೂರ್ವಿಕರನ್ನು ಗುರುತಿಸುವ ಕಾರ್ಯವು ಮೇಲ್ನೋಟಕ್ಕೆ ಕೇವಲ ಕುತೂಹಲದ ವಿಷಯವೆಂದು ತೋರಬಹುದು. ಆದರೆ ಅದಕ್ಕೂ ಒಂದು ಗಣಿತವುಂಟು; ಸಾಕ್ಷ್ಯಗಳನ್ನು ತೂಗಿ ನೋಡುವ ಕ್ರಮವುಂಟು. ಜರ್ಮನಿಯ ಥ್ಯೂರಿಂಗಿಯ ಪ್ರಾಂತದ ಬಾಖ್ ಮನೆತನವನ್ನು ನಿದರ್ಶನವಾಗಿ ತೆಗೆದುಕೊಂಡು ಇದನ್ನು ಪರಿಶೀಲಿಸೋಣ. ಈ ಮನೆತನದಲ್ಲಿ ಹಲವು ತಲೆಮಾರುಗಳವರೆಗೆ ಸಂಗೀತವೇ ವಂಶದ ವೃತ್ತಿಯಾಗಿದ್ದಿತು. ಅವರೆಲ್ಲರಲ್ಲಿ ಅಗ್ರಗಣ್ಯನು ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750).

ಸಂಖ್ಯೆಗಳ ಕ್ರಮ

ಪೂರ್ವಿಕರಿಗೆ ಸಂಖ್ಯೆ ಕೊಡುವ ಸರಳವಾದ ವಿಧಾನವೊಂದು 1590ರಷ್ಟು ಹಿಂದೆಯೇ ಅಚ್ಚಾದ ಗ್ರಂಥದಲ್ಲಿ ಕಂಡುಬರುತ್ತದೆ. 1898ರಲ್ಲಿ ಅದನ್ನು ಮತ್ತೆ ಪ್ರಚಾರಕ್ಕೆ ತಂದವನು ಸ್ಟೆಫಾನ್ ಕೇಕುಲೆ. ಈತನು ಬೆಂಜೀನಿನ ಉಂಗುರಾಕಾರದ ರಚನೆಯನ್ನು ಸೂಚಿಸಿದ ರಸಾಯನ ವಿಜ್ಞಾನಿ ಆಗಸ್ಟ್ ಕೇಕುಲೆಯ ಮಗ. ಯಾರ ಪೂರ್ವಿಕರನ್ನು ಹುಡುಕುತ್ತೇವೆಯೋ ಅವರ ಸಂಖ್ಯೆ 1. ಯಾವುದೇ ವ್ಯಕ್ತಿಯ ಸಂಖ್ಯೆಯನ್ನು ಇಮ್ಮಡಿಸಿದರೆ ತಂದೆಯ ಸಂಖ್ಯೆ ದೊರೆಯುತ್ತದೆ. ಅದಕ್ಕೆ ಒಂದನ್ನು ಕೂಡಿಸಿದರೆ ತಾಯಿಯ ಸಂಖ್ಯೆ. ಆದುದರಿಂದ 1ನ್ನು ಬಿಟ್ಟರೆ ಸಮಸಂಖ್ಯೆಗಳೆಲ್ಲ ಪುರುಷರವು, ಬೆಸಸಂಖ್ಯೆಗಳೆಲ್ಲ ಸ್ತ್ರೀಯರವು.

ಸೆಬಾಸ್ಟಿಯನ್ ಬಾಖನ ಮಗ ಕಾರ್ಲ್ ಫಿಲಿಪ್ ಎಮಾನುಯೆಲನಿಗೆ 1 ಎಂಬ ಸಂಖ್ಯೆಯನ್ನು ಕೊಡೋಣ. ತಂದೆ ಸೆಬಾಸ್ಟಿಯನ್ 2, ತಾಯಿ ಮರಿಯ ಬಾರ್ಬಾರ 3. ಸೆಬಾಸ್ಟಿಯನ್‌ನ ತಂದೆ ಯೋಹಾನ್ ಅಂಬ್ರೋಸಿಯುಸ್ 4. ಆತನ ತಂದೆ ಕ್ರಿಸ್ಟಾಫ್ 8. ಕ್ರಿಸ್ಟಾಫನ ತಂದೆ ಹಾನ್ಸ್ ಬಾಖ್ 16. ಈಗ ತಾಯಿಯ ಕಡೆಯನ್ನು ನೋಡಿರಿ. ಮರಿಯ ಬಾರ್ಬಾರಳ ತಂದೆ ಯೋಹಾನ್ ಮಿಖಾಯೆಲ್ ಬಾಖ್ 6. ಆತನ ತಂದೆ ಹೈನ್ರಿಖ್ 12. ಹೈನ್ರಿಖನ ತಂದೆ 24. ಈ ಇಪ್ಪತ್ತನಾಲ್ಕನೆಯವನು ಯಾರು? ಅದೇ ಹಾನ್ಸ್ ಬಾಖ್! ಕ್ರಿಸ್ಟಾಫನೂ ಹೈನ್ರಿಖನೂ ಒಡಹುಟ್ಟಿದವರು. 1707ರಲ್ಲಿ ಸೆಬಾಸ್ಟಿಯನ್ ವಿವಾಹವಾದದ್ದು ತನ್ನ ತಂದೆಯ ಚಿಕ್ಕಪ್ಪನ ಮೊಮ್ಮಗಳನ್ನು. ಹಾನ್ಸನ ಹೆಂಡತಿಯೂ ಹಾಗೆಯೇ 17 ಮತ್ತು 25 ಎಂಬ ಎರಡು ಸ್ಥಾನಗಳಲ್ಲಿ ಬರುತ್ತಾಳೆ. ಹೀಗೆ ಆ ತಲೆಮಾರಿನ ಹದಿನಾರು ಸ್ಥಾನಗಳಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಜನರಿರಲು ಸಾಧ್ಯವಿಲ್ಲ.

ಇದು ಬಾಖ್ ಮನೆತನಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಪ್ರತಿ ತಲೆಮಾರಿಗೂ ಸ್ಥಾನಗಳು ಇಮ್ಮಡಿಯಾಗುತ್ತ ಹೋದರೆ ಇಪ್ಪತ್ತನೆಯ ತಲೆಮಾರಿನಲ್ಲಿ 10,48,576, ಮೂವತ್ತನೆಯದರಲ್ಲಿ ನೂರು ಕೋಟಿಗೂ ಮಿಕ್ಕಿ ಸ್ಥಾನಗಳಾಗುತ್ತವೆ. ತಲೆಮಾರಿಗೆ ಮೂವತ್ತು ವರ್ಷವೆಂದರೆ ಇದು ಒಂಬೈನೂರು ವರ್ಷಗಳ ಲೆಕ್ಕ. ಅಷ್ಟು ಹಿಂದೆ ಇಡೀ ಪ್ರಪಂಚದಲ್ಲಿಯೇ ನೂರು ಕೋಟಿ ಜನರಿರಲಿಲ್ಲ. ಆದುದರಿಂದ ಒಬ್ಬನೇ ಪೂರ್ವಿಕನು ಅನೇಕ ಸ್ಥಾನಗಳನ್ನು ತುಂಬಲೇಬೇಕು. ವಂಶವೃಕ್ಷದ ಕೊಂಬೆಗಳು ಕವಲೊಡೆಯುವುದಷ್ಟೇ ಅಲ್ಲ, ಮತ್ತೆ ಬಂದು ಕೂಡಿಕೊಳ್ಳುತ್ತವೆ.

ಸಾಕ್ಷ್ಯಗಳ ತೂಕ

ಈ ಸ್ಥಾನಗಳನ್ನು ತುಂಬಲು ಬೇಕಾದ ಹೆಸರುಗಳು ದೊರೆಯುವುದು ಎಲ್ಲಿಂದ? ಜರ್ಮನ್ ಸಾಮ್ರಾಜ್ಯದಾದ್ಯಂತ ಸರ್ಕಾರಿ ಜನನ ಮರಣ ನೋಂದಣಿ ಆರಂಭವಾದದ್ದು 1876ರಲ್ಲಿ. ಅದಕ್ಕಿಂತ ಹಿಂದಿನ ಕಾಲಕ್ಕೆ ಚರ್ಚಿನ ದಾಖಲೆ ಪುಸ್ತಕಗಳೇ ಮುಖ್ಯ ಆಧಾರ. ಲೂಥರನ ಅನುಯಾಯಿಗಳ ಚರ್ಚುಗಳಲ್ಲಿ ಹದಿನಾರನೆಯ ಶತಮಾನದಿಂದ ಇಂತಹ ಪುಸ್ತಕಗಳಿದ್ದವು; ಕ್ಯಾಥೊಲಿಕರಲ್ಲಿ ಟ್ರೆಂಟ್ ಧರ್ಮಸಭೆಯು 1563ರಲ್ಲಿ ಇವುಗಳನ್ನು ವಿಧಿಸಿತು. ಮೂವತ್ತು ವರ್ಷಗಳ ಯುದ್ಧದಲ್ಲಿ (1618–1648) ಅನೇಕ ಪುಸ್ತಕಗಳು ನಾಶವಾದವು. ಉಳಿದವುಗಳನ್ನೂ ಎಚ್ಚರದಿಂದ ಓದಬೇಕು. ಐಸೆನಾಖ್ ಊರಿನ ಚರ್ಚಿನ ಪುಸ್ತಕದಲ್ಲಿರುವುದು ಸೆಬಾಸ್ಟಿಯನ್‌ನ ಹುಟ್ಟಿದ ದಿನವಲ್ಲ, ದೀಕ್ಷಾಸ್ನಾನದ ದಿನ: 1685ರ ಮಾರ್ಚ್ 23. ಅದೂ ಹಳೆಯ ಜೂಲಿಯನ್ ಪಂಚಾಂಗದ ದಿನಾಂಕ. ಇಂದಿನ ಗಣನೆಯಲ್ಲಿ ಅದು ಏಪ್ರಿಲ್ 2 ಆಗುತ್ತದೆ. ಪ್ರಾಟೆಸ್ಟಂಟ್ ಜರ್ಮನಿಯು ಪಂಚಾಂಗವನ್ನು ತಿದ್ದಿಕೊಂಡದ್ದು 1700ರಲ್ಲಿ. ಆ ವರ್ಷ ಫೆಬ್ರವರಿ 18ರ ಮರುದಿನವೇ ಮಾರ್ಚ್ 1.

ಎರಡನೆಯ ಆಧಾರವು ಕುಟುಂಬದ ಸ್ವಂತ ಬರಹ. 1735ರಲ್ಲಿ ಸೆಬಾಸ್ಟಿಯನ್ ತನ್ನ ಮನೆತನದ 53 ಮಂದಿಯ ಪಟ್ಟಿಯನ್ನು ಸಿದ್ಧಪಡಿಸಿದನು. ಅದರ ಮೊದಲ ಹೆಸರು ಫೈಟ್ ಬಾಖ್. ರೊಟ್ಟಿ ಸುಡುವ ಕಸುಬಿನ ಈತನು ತನ್ನ ಲೂಥರ್ ಮತದ ಕಾರಣದಿಂದ ಹಂಗೆರಿಯನ್ನು ಬಿಟ್ಟು ಬಂದು ವೆಖ್ಮಾರ್ ಗ್ರಾಮದಲ್ಲಿ ನೆಲಸಿದನೆಂದೂ, ಗಿರಣಿಯಲ್ಲಿ ಕಾಳು ಬೀಸುತ್ತಿರುವಾಗ ಚಿಕ್ಕ ತಂತಿವಾದ್ಯವೊಂದನ್ನು ನುಡಿಸುತ್ತಿದ್ದನೆಂದೂ ಅಲ್ಲಿ ಹೇಳಿದೆ. ಹಾನ್ಸನು ಈತನ ಮಗ. ಕಥೆ ಸೊಗಸಾಗಿದೆ. ಆದರೆ ಅದನ್ನು ಬರೆದದ್ದು ಫೈಟನ ಕಾಲಕ್ಕೆ ನೂರಕ್ಕೂ ಹೆಚ್ಚು ವರ್ಷಗಳ ಅನಂತರ. ಮೂಲಪ್ರತಿಯೂ ಉಳಿದಿಲ್ಲ, ನಮಗೆ ದೊರೆತಿರುವುದು ಎಮಾನುಯೆಲನ ಮಗಳು 1774–75ರ ಸುಮಾರಿಗೆ ಮಾಡಿದ ನಕಲು. ಆದುದರಿಂದ ಫೈಟನ ವೃತ್ತಾಂತವನ್ನು ಕುಟುಂಬದ ಸ್ಮೃತಿಯೆಂದು ಸ್ವೀಕರಿಸಬೇಕೇ ಹೊರತು ಚರ್ಚಿನ ದಾಖಲೆಗೆ ಸಮನೆಂದಲ್ಲ. ಇನ್ನೊಂದು ಕೊರತೆಯನ್ನೂ ಗಮನಿಸಬೇಕು. ಆ 53 ಮಂದಿಯೂ ಪುರುಷರೇ. ಮೇಲಿನ ಗಣಿತವು ಸ್ತ್ರೀಯರಿಗೆ ಸರಿಯಾಗಿ ಅರ್ಧ ಸ್ಥಾನಗಳನ್ನು ಕೊಡುತ್ತದೆ. ಪಟ್ಟಿಯಲ್ಲಿ ಅವರಿಗೆ ಒಂದು ಸಂಖ್ಯೆಯೂ ಇಲ್ಲ.

ಬಳಕೆ ಮತ್ತು ದುರ್ಬಳಕೆ

1933ರ ಅನಂತರ ಜರ್ಮನಿಯಲ್ಲಿ ಇವೇ ಚರ್ಚಿನ ಪುಸ್ತಕಗಳು ಘೋರವಾದ ಕಾರ್ಯಕ್ಕೆ ಒದಗಿದವು. ತಾವು 'ಆರ್ಯ'ರೆಂದು ರುಜುವಾತುಪಡಿಸಲು ಜನರು ತಾತ ಅಜ್ಜಿಯರ ದೀಕ್ಷಾಸ್ನಾನದ ನಕಲುಗಳನ್ನು ತರಬೇಕಾಯಿತು. ಅಜ್ಜಂದಿರು ಯೆಹೂದ್ಯರಾಗಿದ್ದರೆಂಬ ಒಂದೇ ಕಾರಣಕ್ಕೆ ಮೊದಲು ಉದ್ಯೋಗ, ಮುಂದೆ ಪ್ರಾಣವನ್ನೇ ಕಳೆದುಕೊಂಡವರು ಅಸಂಖ್ಯಾತರು. ಆ ಪುಸ್ತಕಗಳು ತಿಳಿಸುವುದು ಯಾರು ಯಾವಾಗ ಯಾವ ಚರ್ಚಿಗೆ ಬಂದರೆಂಬುದನ್ನು ಮಾತ್ರ. ರಕ್ತದ ಶುದ್ಧಿಯೆಂಬುದು ಅವುಗಳಲ್ಲಿ ಬರೆದಿಲ್ಲ. ಬರೆಯಲು ಅಂತಹ ವಸ್ತುವೇ ಇಲ್ಲ. ಜರ್ಮನರು ಹೆಮ್ಮೆಯಿಂದ ತಮ್ಮವರೆನ್ನುವ ಬಾಖ್ ಮನೆತನದ ಪಟ್ಟಿಯೂ ಮತಕ್ಕಾಗಿ ಊರು ಬಿಟ್ಟು ಬಂದ ಒಬ್ಬ ವಲಸೆಗಾರನಿಂದಲೇ ಆರಂಭವಾಗುತ್ತದೆ.

ವಿದ್ಯಾರ್ಥಿಗಳು ತಮ್ಮ ಮನೆಯವರ ಪಟ್ಟಿಯನ್ನು ಇದೇ ಸಂಖ್ಯಾಕ್ರಮದಲ್ಲಿ ಬರೆದು ನೋಡಬಹುದು. ಪ್ರತಿ ಹೆಸರಿನ ಮುಂದೆ ಆಧಾರವನ್ನು, ಅಂದರೆ ದಾಖಲೆಯೋ ಹಿರಿಯರ ಮಾತೋ ಎಂಬುದನ್ನು, ಗುರುತಿಸಿರಿ. ಆಧಾರವಿಲ್ಲದೆಡೆ ಸ್ಥಾನವನ್ನು ಖಾಲಿ ಬಿಡಿರಿ. ಊಹೆಯಿಂದ ತುಂಬಿದ ಹೆಸರಿಗಿಂತ ಖಾಲಿ ಉಳಿದ ಸ್ಥಾನವೇ ಹೆಚ್ಚು ಸತ್ಯವಾದುದು.