ಗೆಲ್ಲುವ ಕೂಟ, ಉಳಿಯುವ ಕೂಟ

ತುಮಕೂರಿನ ಸಮೀಪದ ದೇವರಾಯನದುರ್ಗದಲ್ಲಿ ಗುಬ್ಬಿ, ಕುಣಿಗಲ್ ಸೀಮೆಯ ಯಾತ್ರಿಕರ ಕೈಯಿಂದ ಬಾಳೆಹಣ್ಣನ್ನು ಕಸಿಯುವ ಕೋತಿಗಳನ್ನು ಕಾಣದ ವಿದ್ಯಾರ್ಥಿಗಳು ವಿರಳ. ಅವುಗಳ ಹಿಂಡಿನಲ್ಲಿ ಅನೇಕ ಗಂಡುಗಳು ಮೇಲುಕೀಳಿನ ಕ್ರಮವನ್ನು ಒಪ್ಪಿಕೊಂಡು ಒಟ್ಟಿಗೆ ಬಾಳುತ್ತವೆ. ಕಪ್ಪು ಮೋರೆಯ, ನೀಳ ಬಾಲದ ಮುಸುವಗಳ ರೀತಿಯೇ ಬೇರೆ. ಹಲವು ಹೆಣ್ಣುಗಳೂ ಮರಿಗಳೂ ಇರುವ ಹಿಂಡಿಗೆ ಅನೇಕ ಕಡೆ ಒಂದೇ ಗಂಡು ಒಡೆಯನಾಗಿರುತ್ತದೆ. ನೆಲೆಯಿಲ್ಲದ ಉಳಿದ ಗಂಡುಗಳು ತಮ್ಮದೇ ಗುಂಪು ಕಟ್ಟಿಕೊಂಡು ಅಲೆಯುತ್ತಿರುತ್ತವೆ.

ಈ ಅಲೆಮಾರಿಗಳು ಅರಸೊತ್ತಿಗೆಯನ್ನು ಪಡೆಯುವ ಬಗೆಯನ್ನು ಲೋಕಕ್ಕೆ ಮೊದಲು ವಿವರವಾಗಿ ತಿಳಿಸಿದ್ದು ಕನ್ನಡನಾಡಿನ ಕಾಡೇ ಎಂಬುದು ಗಮನಾರ್ಹ. ಜಪಾನಿನ ವಿಜ್ಞಾನಿ ಯುಕಿಮಾರು ಸುಗಿಯಾಮ ಅವರು 1960ರ ದಶಕದ ಆರಂಭದಲ್ಲಿ ಧಾರವಾಡದ ಸಮೀಪ ಮುಸುವಗಳನ್ನು ಅಭ್ಯಸಿಸಿದರು. ಗಂಡುಗಳ ಗುಂಪೊಂದು ಹಿಂಡಿನ ಮೇಲೆ ಎರಗಿ ಹಳೆಯ ಒಡೆಯನನ್ನು ಓಡಿಸಿತು. ಗೆದ್ದ ಬಳಿಕ ಒಗ್ಗಟ್ಟು ಉಳಿಯಲಿಲ್ಲ. ಒಂದು ಗಂಡು ತನ್ನ ಸಂಗಾತಿಗಳನ್ನೂ ಹೊರದೂಡಿ ತಾನೊಂದೇ ನಿಂತಿತು. ಅನಂತರ ಹಾಲುಣ್ಣುವ ಮರಿಗಳನ್ನು ಕಚ್ಚಿ ಕೊಂದಿತು.

ಇದು ಕೇವಲ ವಿಕೃತಿಯೆಂದು ಹಲವರು ಭಾವಿಸಿದರು. ರಾಜಸ್ಥಾನದ ಅಬೂ ಪರ್ವತದಲ್ಲಿ 1970ರ ದಶಕದಲ್ಲಿ ಅಧ್ಯಯನ ನಡೆಸಿದ ಸಾರಾ ಹರ್ಡಿ ಅವರು ಬೇರೊಂದು ಕಾರಣವನ್ನು ಮುಂದಿಟ್ಟರು. ಮರಿಗೆ ಹಾಲೂಡುವ ತಾಯಿ ಬೇಗ ಬೆದೆಗೆ ಬರುವುದಿಲ್ಲ. ಮರಿ ಸತ್ತರೆ ಬೇಗನೆ ಬರುತ್ತದೆ. ಹೊಸ ಒಡೆಯನ ಆಳ್ವಿಕೆಯೂ ಅಲ್ಪಕಾಲದ್ದು. ಆ ಅವಧಿಯಲ್ಲೇ ತನ್ನ ಸಂತತಿಯನ್ನು ಬೆಳೆಸುವ ಅವಸರ ಅದಕ್ಕೆ. ಆದರೆ ತಾಯಂದಿರು ಸುಮ್ಮನಿರುವುದಿಲ್ಲ. ಕೆಲವೊಮ್ಮೆ ಇತರ ಹೆಣ್ಣುಗಳೂ ಕೂಡಿ ಆಕ್ರಮಣಕಾರನನ್ನು ಎದುರಿಸುತ್ತವೆ.

ಆಫ್ರಿಕಾದ ಸೆರೆಂಗೆಟಿ ಬಯಲಿನ ಸಿಂಹಗಳಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಎರಡು ಮೂರು ವರ್ಷ ಪ್ರಾಯದಲ್ಲಿ ಹುಟ್ಟಿದ ಗುಂಪನ್ನು ತೊರೆಯುವ ಗಂಡುಗಳು, ಬಹುಧಾ ಸೋದರರು ಹಾಗೂ ದಾಯಾದಿಗಳು, ಕೂಟವಾಗಿ ಅಲೆದು, ಬಲಿತ ಮೇಲೆ ಇನ್ನೊಂದು ಕೂಟವನ್ನು ಸೋಲಿಸಿ ಅದರ ನೆಲವನ್ನೂ ಹೆಣ್ಣುಗಳನ್ನೂ ಪಡೆಯುತ್ತವೆ. ಅಲ್ಲಿಯೂ ಹಳೆಯ ಒಡೆಯರ ಎಳೆಯ ಮರಿಗಳಿಗೆ ಉಳಿವು ಕಷ್ಟ. ಆದರೆ ಗೆದ್ದ ಸಿಂಹಗಳು ಮುಸುವಗಳಂತೆ ಒಡೆಯುವುದಿಲ್ಲ. ಗರ್ಜಿಸಿ ಎಲ್ಲೆಯನ್ನು ಸಾರುವುದೂ ಕಾಯುವುದೂ ಎಲ್ಲರ ಕೆಲಸ. ಒಂಟಿ ಗಂಡಿಗೆ ನೆಲವನ್ನು ಉಳಿಸಿಕೊಳ್ಳುವುದು ದುಸ್ತರ. ದೊಡ್ಡ ಕೂಟವು ಹೆಚ್ಚು ಕಾಲ ನಿಲ್ಲುತ್ತದೆ. ಆದರೂ ಬಹುಪಾಲು ಒಡೆತನ ಎರಡು ಮೂರು ವರ್ಷಗಳಲ್ಲಿ ಮುಗಿಯುತ್ತದೆ. ಗುಜರಾತಿನ ಗಿರ್ ಸಿಂಹಗಳಲ್ಲಿಯೂ ಗಂಡುಗಳು ಕೂಟ ಕಟ್ಟುತ್ತವೆ. ಆದರೆ ಅಲ್ಲಿ ಅವು ಬಹುತೇಕ ಹೆಣ್ಣುಗಳಿಂದ ಪ್ರತ್ಯೇಕವಾಗಿ ವಾಸಿಸುತ್ತವೆ.

ಗೆಲ್ಲಲು ಕೂಡುವುದು ಒಂದು, ಗೆದ್ದುದನ್ನು ಉಳಿಸಲು ಕೂಡಿರುವುದು ಇನ್ನೊಂದು. ಪ್ರಾಣಿಗಳ ಈ ನಡತೆಯಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ಅದು ನಿಸರ್ಗದ ನಿಯಮ. ಅದನ್ನು ಅರಿಯುವುದು ವಿಜ್ಞಾನ. ಬಲವಿದ್ದವನದೇ ನೆಲವೆಂದು ಅದನ್ನೇ ಅನುಸರಿಸುವುದು ಮಾನವನಿಗೆ ತಕ್ಕುದಲ್ಲ. ಪರರ ಮಗುವನ್ನೂ ತನ್ನದೆಂದು ಸಾಕಿ, ಅನ್ನವಿಟ್ಟು, ಅಕ್ಷರ ಕಲಿಸಬಲ್ಲನೆಂಬುದೇ ಅವನ ಹಿರಿಮೆ.